ಕೆಡವಲೂ ಇಲ್ಲ, ಉಳಿಸಲೂ ಇಲ್ಲ

ಮೈಸೂರಿನ ಚಿಕ್ಕ ಗಡಿಯಾರದ ಬಳಿಯಿಂದ ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡಿರುವ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗ 2016ರ ಆಗಸ್ಟ್ 28ರಂದು ಕುಸಿಯಿತು. ಆಗ ಅಲ್ಲಿ ನಡೆಯುತ್ತಿದ್ದುದು ದುರಸ್ತಿ ಕೆಲಸವೇ. ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್ 25ರಂದು, ಅದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಜೀವ ಕಳೆದುಕೊಂಡಿದ್ದರು. ಎರಡೂ ಚಾಮರಾಜ ಒಡೆಯರ್ ಕಾಲಕ್ಕೆ ಸೇರಿದ ಕಟ್ಟಡಗಳು. ಎರಡರಲ್ಲೂ ಸಾಲು ಸಾಲು ಅಂಗಡಿಗಳು, ಕಡಿಮೆ ಬಾಡಿಗೆ, ತಲೆಮಾರುಗಳಿಂದ ಅಲ್ಲೇ ಕೂತ ವ್ಯಾಪಾರಿಗಳು.

ಆಮೇಲೆ ಶುರುವಾದದ್ದು ವಾದ. ಕೆಡವಿ, ಹಳೆಯ ಚಹರೆಯಲ್ಲೇ ಹೊಸದಾಗಿ ಕಟ್ಟೋಣ ಎಂದಿತು ಪಾಲಿಕೆ. ರಿಪೇರಿ ಮಾಡಿದರೆ ನಿಲ್ಲುತ್ತದೆ ಎಂದರು ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯವರು ಮತ್ತು ಪಾರಂಪರಿಕ ಕಟ್ಟಡಗಳ ತಜ್ಞರು. ರಾಜಮನೆತನವೂ ಉಳಿಸುವ ಪರವಾಗಿಯೇ ಮಾತನಾಡಿತು. ಸಮಿತಿಯ ಮೇಲೆ ಸಮಿತಿ, ವರದಿಗೆ ಎದುರು ವರದಿ. 2023ರಲ್ಲಿ ಹೈಕೋರ್ಟ್ ಕೆಡವುವ ತೀರ್ಮಾನಕ್ಕೆ ಒಪ್ಪಿಗೆ ಕೊಟ್ಟ ಮೇಲೂ ತಕರಾರು ನಿಲ್ಲಲಿಲ್ಲ. ಈ ಎಲ್ಲ ವರ್ಷಗಳಲ್ಲೂ ಮಳೆ ಮಾತ್ರ ಯಾರ ತೀರ್ಪಿಗೂ ಕಾಯದೆ ಪ್ರತಿ ಮುಂಗಾರಿನಲ್ಲಿ ಸುರಿಯಿತು.

ಪೇಟೆಬೀದಿಯಲ್ಲಿ ನಾಲ್ಕೈದು ಮಳಿಗೆಯ ಹಳೆಯ ಕಟ್ಟಡ ಇಟ್ಟುಕೊಂಡಿರುವ ಯಾರಿಗಾದರೂ ಈ ಕಥೆ ಅರ್ಥವಾಗುತ್ತದೆ. ಕೆಡವುವುದೋ, ಉಳಿಸುವುದೋ ಎಂದು ಅಣ್ಣತಮ್ಮಂದಿರು ಹತ್ತು ವರ್ಷ ಮಾತಾಡುತ್ತಾರೆ. ಮುಂದೆ ಹೇಗೂ ಕೆಡವುವುದೇ ಅಲ್ಲವೇ ಎಂದು ತಾರಸಿಗೆ ಹಣ ಹಾಕುವುದನ್ನು ನಿಲ್ಲಿಸುತ್ತಾರೆ. ಕೊನೆಗೆ ತೀರ್ಮಾನ ತೆಗೆದುಕೊಳ್ಳುವುದು ಮಾಲೀಕರಲ್ಲ, ಸೋರುವ ನೀರು.

ಬೀಳಿಸುವುದು ವಯಸ್ಸಲ್ಲ

ಹಳೆಯದಾಯಿತು, ಅದಕ್ಕೇ ಬಿತ್ತು ಎಂಬ ಮಾತು ಅರ್ಧಸತ್ಯ. ಆ ಕಾಲದ ವಾಣಿಜ್ಯ ಕಟ್ಟಡಗಳಲ್ಲಿ ಗೋಡೆ ಇಟ್ಟಿಗೆಯದು, ಗಾರೆ ಸುಣ್ಣದ್ದು, ಮೇಲೆ ಹೆಚ್ಚಾಗಿ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ ಬಡಿದು, ಕೊನೆಗೆ ಚಪ್ಪಟೆ ಹೆಂಚು ಹಾಸುವ ಪದ್ಧತಿ. ನೀರು ನಿಲ್ಲದಿದ್ದರೆ ಇದು ನೂರು ವರ್ಷ ದಾಟಿ ಬಾಳುತ್ತದೆ. ನೀರು ನಿಂತರೆ ಮೊದಲು ಕೊಳೆಯುವುದು ತೊಲೆಯ ತುದಿ. ಅದು ಗೋಡೆಯೊಳಗೆ ಹುದುಗಿರುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ.

ಇದರ ಮೇಲೆ ನಮ್ಮ ಕೈಚಳಕ ಬೇರೆ. ಮಳೆನೀರಿನ ದೋಣಿ ಕಟ್ಟಿಕೊಂಡರೆ ತೆಗೆಯುವವರಿಲ್ಲ. ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿದರೆ ಕತ್ತರಿಸುತ್ತೇವೆ, ಬೇರು ಒಳಗೇ ಉಳಿಯುತ್ತದೆ. ಸುಣ್ಣದ ಗೋಡೆಯ ಮೇಲೆ ಸಿಮೆಂಟ್ ಬಳಿಯುತ್ತೇವೆ. ಗೋಡೆಯ ತೇವ ಆರಲು ದಾರಿಯಿಲ್ಲದೆ ಒಳಗೇ ಗಾರೆಯನ್ನು ಪುಡಿ ಮಾಡುತ್ತದೆ. ಅಂಗಡಿ ಅಗಲವಾಗಲೆಂದು ನಡುಗೋಡೆ ಒಡೆಯುತ್ತೇವೆ. ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇಡುತ್ತೇವೆ. ಅದು ತುಂಬಿದಾಗ ನೀರಿನ ತೂಕವೇ ಒಂದು ಟನ್.

ಹೀಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಕಟ್ಟಡಕ್ಕೆ ಎಷ್ಟು ವರ್ಷ ಎಂಬುದಲ್ಲ, ಅದಕ್ಕೆ ಏನೇನು ಮಾಡಿದ್ದೇವೆ ಎಂಬುದು. ಹಾನಿ ತಾರಸಿಗೆ ಮತ್ತು ಗೋಡೆಯ ತಲೆಗೆ ಸೀಮಿತವಾಗಿದ್ದರೆ ತೊಲೆ ಬದಲಿಸಿ, ಬಿರುಕಿಗೆ ಸುಣ್ಣದ ತಿಳಿಗಾರೆ ಇಳಿಸಿ, ಗೋಡೆಗಳನ್ನು ಕಬ್ಬಿಣದ ಸರಳುಗಳಿಂದ ಬಿಗಿದು ಉಳಿಸಬಹುದು. ತಳಪಾಯವೇ ಕೂತಿದ್ದರೆ, ಗೋಡೆ ಹೊಟ್ಟೆ ಉಬ್ಬಿ ಓಲಿದ್ದರೆ, ಆ ಮಾತೇ ಬೇರೆ.

ಪರೀಕ್ಷೆ ಮಾಡುವವರು ಯಾರು?

ಎಂಜಿನಿಯರ್ ಬಂದು ನೋಡಿದ್ದಾರೆ ಎಂದರೆ ಸಾಲದು. ಇಂದಿನ ಹೆಚ್ಚಿನ ಎಂಜಿನಿಯರುಗಳು ಕಲಿತದ್ದು ಕಾಂಕ್ರೀಟನ್ನು. ಅವರ ಕೈಯಲ್ಲಿರುವ ರೀಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆಗಳು ಮುಖ್ಯವಾಗಿ ಕಾಂಕ್ರೀಟಿಗಾಗಿಯೇ ಬಂದವು. ಸುಣ್ಣದ ಗೋಡೆಯನ್ನು ಕಾಂಕ್ರೀಟಿನ ಅಳತೆಗೋಲಿನಲ್ಲಿ ಅಳೆದರೆ ಅದು ಫೇಲಾಗುವುದೇ ಸಹಜ. ಮೈಸೂರಿನಂಥ ಕಡೆ ಒಂದೇ ಕಟ್ಟಡದ ಬಗ್ಗೆ ಎರಡು ವರದಿ ಎರಡು ದಿಕ್ಕಿಗೆ ಎಳೆಯುವುದಕ್ಕೆ ಇದೂ ಒಂದು ಕಾರಣ.

ಎಪ್ಪತ್ತು ಎಂಬತ್ತರ ದಶಕದಲ್ಲಿ ಎದ್ದ ಆರ್‌ಸಿಸಿ ಕಾಂಪ್ಲೆಕ್ಸುಗಳಿಗೆ ಆ ಪರೀಕ್ಷೆಗಳು ಬೇಕೇ ಬೇಕು. ಅಲ್ಲಿ ಶತ್ರು ತುಕ್ಕು. ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಮೋಲ್ಡಿನ ಅಡಿಯಿಂದ ಚಕ್ಕೆ ಬಿದ್ದ ಜಾಗಕ್ಕೆ ಗಾರೆ ಮೆತ್ತಿ ಬಣ್ಣ ಹೊಡೆದರೆ ಅದು ದುರಸ್ತಿಯಲ್ಲ, ಮುಚ್ಚಿಡುವ ಕೆಲಸ. ತುಕ್ಕು ಕೆಲವು ಕಡೆ ಮಾತ್ರ ಇದ್ದರೆ ಪಿಲ್ಲರಿಗೆ ಹೊಸ ಕಂಬಿಯ ಕವಚ ಕಟ್ಟಿ ಬಲಪಡಿಸಬಹುದು. ಕಟ್ಟಡವಿಡೀ ಹರಡಿದ್ದರೆ ಕೆಡವುವುದೇ ಅಗ್ಗ. ವರದಿ ಬರೆಯುವವರಿಗೂ ಮುಂದೆ ಕಟ್ಟುವ ಗುತ್ತಿಗೆದಾರರಿಗೂ ಸಂಬಂಧ ಇರಬಾರದು ಎಂಬುದನ್ನು ಮಾಲೀಕರು ಮರೆಯಬಾರದು.

ಕಳೆದುಕೊಳ್ಳುವ ಮುಂಭಾಗ

ಗೋಡೆಯ ಪರೀಕ್ಷೆ ಮುಗಿದ ಮೇಲೆ ನಕ್ಷೆಯ ಪರೀಕ್ಷೆ. ಹಳೆಯ ಪೇಟೆಗಳಲ್ಲಿ ಮಳಿಗೆ ರಸ್ತೆಯ ಅಂಚಿಗೇ ಬಂದಿರುತ್ತದೆ, ಎರಡೂ ಪಕ್ಕದ ಗೋಡೆಗೆ ಅಂಟಿರುತ್ತದೆ. ಕೆಡವಿದ ಕ್ಷಣ ಇಂದಿನ ನಿಯಮಗಳು ಜಾರಿಗೆ ಬರುತ್ತವೆ: ಸೆಟ್‌ಬ್ಯಾಕ್ ಬಿಡಬೇಕು, ಪಾರ್ಕಿಂಗ್ ತೋರಿಸಬೇಕು, ರಸ್ತೆ ಅಗಲೀಕರಣದ ಗೆರೆ ಇದ್ದರೆ ಹಿಂದೆ ಸರಿಯಬೇಕು. ಕಿರಿದಾದ ಸೈಟಿನಲ್ಲಿ ಹೀಗೆ ಹೋಗುವುದು ನೆಲಮಹಡಿಯ ಮುಂಭಾಗ. ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ಬಾಡಿಗೆ ತರುವ ಜಾಗ ಅದೇ. ಅದರ ಬದಲಿಗೆ ಸಿಗುವುದು ಎರಡನೇ, ಮೂರನೇ ಮಹಡಿ.

ಮೇಲಿನ ಮಹಡಿಯ ಬೆಲೆ ತಿಳಿಯಬೇಕಾದವರು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಹೋಗಿಬರಬೇಕು. ಅಲ್ಲಿ ಹಳೆಯ ಕಟ್ಟಡದ ಮುಖಭಾಗಗಳನ್ನು ಉಳಿಸಿಕೊಂಡು ನಡುವೆ ಬಹುಮಹಡಿ ಕಟ್ಟಡ ಎಬ್ಬಿಸಲಾಯಿತು. ಕೆಳಗೆ ಕಾಲಿಡಲು ಜಾಗವಿಲ್ಲದಷ್ಟು ಹೂವಿನ ವ್ಯಾಪಾರ, ಹೊರಗೆ ರಸ್ತೆಯ ಮೇಲೂ ತರಕಾರಿ ರಾಶಿ; ಮೇಲೆ ಹೋದಷ್ಟೂ ಗಿರಾಕಿ ವಿರಳ. ಕೊತ್ತಂಬರಿ ಸೊಪ್ಪಿಗಾಗಿ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಆದ್ದರಿಂದ ಹೊಸ ನಕ್ಷೆಯಲ್ಲಿ ಚದರಡಿ ಎಷ್ಟು ಹೆಚ್ಚುತ್ತದೆ ಎಂದು ನೋಡದೆ, ಬಾಡಿಗೆ ಎಷ್ಟು ಹೆಚ್ಚುತ್ತದೆ ಎಂದು ನೋಡಬೇಕು. ಬ್ಯಾಂಕ್, ಕ್ಲಿನಿಕ್, ಕೋಚಿಂಗ್ ಸೆಂಟರ್ ಬರುವಂಥ ರಸ್ತೆಯಾದರೆ ಮಹಡಿ ದುಡಿಯುತ್ತದೆ. ಸಂತೆಯ ವ್ಯಾಪಾರವಾದರೆ ಖಾಲಿ ಬೀಳುತ್ತದೆ.

ನಡುವಿನ ಎರಡು ವರ್ಷ

ರಿಪೇರಿಯ ಖರ್ಚು ಹೊಸ ಕಟ್ಟಡದ ಖರ್ಚಿನ ಅರ್ಧ ದಾಟಿದರೆ ಕೆಡವಿಬಿಡಿ ಎಂಬ ಲೆಕ್ಕ ಗುತ್ತಿಗೆದಾರರ ಬಾಯಲ್ಲಿದೆ. ಈ ಲೆಕ್ಕದಲ್ಲಿ ನಿಂತುಹೋಗುವ ಬಾಡಿಗೆ ಇಲ್ಲ. ಎಂಟು ಮಳಿಗೆ, ತಲಾ 15,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಕಟ್ಟಲು ಎರಡು ವರ್ಷ ಹಿಡಿದರೆ ಬಾರದೇ ಹೋಗುವ ಹಣ 28,80,000 ರೂಪಾಯಿ. ಹತ್ತು ತಿಂಗಳ ಅಡ್ವಾನ್ಸ್ ಪಡೆದಿದ್ದರೆ ಇನ್ನೂ 12 ಲಕ್ಷ ಹಿಂದಿರುಗಿಸಬೇಕು. ಸಾಲದ ಬಡ್ಡಿ, ಕೆಡವಿದ ಮಣ್ಣು ಸಾಗಿಸುವ ಖರ್ಚು, ಅನುಮತಿ ಶುಲ್ಕ ಇದರ ಮೇಲೆ. ರಿಪೇರಿಯಾದರೆ ಎರಡೆರಡು ಮಳಿಗೆ ಖಾಲಿ ಮಾಡಿಸಿ ಹಂತ ಹಂತವಾಗಿ ಮುಗಿಸಬಹುದು, ಉಳಿದವು ದುಡಿಯುತ್ತಿರುತ್ತವೆ. ಆದರೆ ಕೆಲಸ ನಡೆಯುವ ಭಾಗದ ಪಕ್ಕಕ್ಕೆ ಆಸರೆ ಕೊಡದೆ ಕೈ ಹಾಕಬಾರದು. ಕೆಲಸ ನಡೆಯುತ್ತಿರುವಾಗಲೇ ಕಟ್ಟಡ ಬೀಳಬಹುದು ಎಂಬುದಕ್ಕೆ 2016ರ ಆಗಸ್ಟ್ ಸಾಕ್ಷಿ.

ಆ ಎರಡು ವರ್ಷ ವ್ಯಾಪಾರಿ ಎಲ್ಲಿರಬೇಕು? ಇಲ್ಲೇ ಹೆಚ್ಚಿನ ಯೋಜನೆಗಳು ಮುಗ್ಗರಿಸುವುದು. ಬಾಡಿಗೆದಾರ ಹಠಮಾರಿ ಎಂದು ಮಾಲೀಕರು ದೂರುತ್ತಾರೆ, ಆದರೆ ಒಮ್ಮೆ ಹೊರಟರೆ ಅದೇ ಜಾಗಕ್ಕೆ ಮರಳಲಾಗದು ಎಂಬ ಅವನ ಭಯಕ್ಕೆ ಆಧಾರವಿದೆ. ಮದ್ರಾಸಿನ ಮೂರ್ ಮಾರುಕಟ್ಟೆ 1985ರಲ್ಲಿ ಸುಟ್ಟುಹೋಯಿತು. ಆ ಜಾಗದಲ್ಲಿ ಎದ್ದದ್ದು ರೈಲ್ವೆಯ ಕಟ್ಟಡ, ಅಂಗಡಿಯವರು ಹೋದದ್ದು ಲಿಲಿ ಪಾಂಡ್ ಕಾಂಪ್ಲೆಕ್ಸಿಗೆ. ಅದೇ ವರ್ಷ ಕಲ್ಕತ್ತೆಯ ಹಾಗ್ ಮಾರುಕಟ್ಟೆಗೂ ಬೆಂಕಿ ಬಿತ್ತು. ಅಲ್ಲಿ ಸುಟ್ಟ ಭಾಗವನ್ನಷ್ಟೇ ಹೊಸದಾಗಿ ಕಟ್ಟಿ, 1874ರ ಉಳಿದ ಕಟ್ಟಡವನ್ನು ಉಳಿಸಿಕೊಂಡರು. ಮಾರುಕಟ್ಟೆ ಅದೇ ಜಾಗದಲ್ಲಿ ಇಂದಿಗೂ ಗಿಜಿಗುಡುತ್ತಿದೆ. ಉಳಿಸುವುದು ಮತ್ತು ಕಟ್ಟುವುದು ಒಂದಕ್ಕೊಂದು ಎದುರಾಳಿಗಳೇ ಆಗಬೇಕಿಲ್ಲ ಎಂಬುದಕ್ಕೂ ಇದು ಉದಾಹರಣೆ.

ಕಾನೂನಿನ ಮಾತಿಗೆ ಬಂದರೆ, ಕರ್ನಾಟಕ ಬಾಡಿಗೆ ಕಾಯ್ದೆ 1999ರ ರಕ್ಷಣೆ ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದವಕ್ಕೆ ಮಾತ್ರ. ಅಂದರೆ ಸುಮಾರು 150 ಚದರಡಿಯ ಸಣ್ಣ ಅಂಗಡಿ. ಅದಕ್ಕಿಂತ ದೊಡ್ಡದಾದರೆ ಎಲ್ಲವೂ ಕರಾರುಪತ್ರದ ಮೇಲೆ ನಿಂತಿದೆ. ಹಾಗೆಂದು ನೋಟಿಸಿನಿಂದ ಶುರು ಮಾಡಿದವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ಹೊಸ ಕಟ್ಟಡದಲ್ಲಿ ಯಾವ ಮಳಿಗೆ, ಎಷ್ಟು ಬಾಡಿಗೆ, ಯಾವ ದಿನಾಂಕಕ್ಕೆ ಎಂದು ಮೊದಲೇ ನೋಂದಾಯಿತ ಪತ್ರದಲ್ಲಿ ಬರೆದುಕೊಟ್ಟವರಿಗೆ ಬೀಗದ ಕೈ ಬೇಗ ಸಿಗುತ್ತದೆ.

ಗಡುವು ಹಾಕಿಕೊಳ್ಳಿ

ಎಲ್ಲ ಹಳೆಯ ಕಟ್ಟಡವೂ ಉಳಿಯಬೇಕಿಲ್ಲ. ಅಸ್ಥಿ ಗಟ್ಟಿಯಿದ್ದು, ಮುಂಭಾಗವೇ ಆದಾಯ ತರುತ್ತಿದ್ದರೆ ರಿಪೇರಿ. ಅಸ್ಥಿಯೇ ಹೋಗಿದ್ದರೆ, ಅಥವಾ ರಸ್ತೆ ಬದಲಾಗಿ ಮಹಡಿಗೆ ಬೇಡಿಕೆ ಹುಟ್ಟಿದ್ದರೆ ಮರುನಿರ್ಮಾಣ. ಯಾವುದನ್ನು ಆರಿಸಿದರೂ ಸಮರ್ಥನೆ ಸಿಗುತ್ತದೆ. ಸಮರ್ಥನೆ ಸಿಗದಿರುವುದು ಎರಡರ ನಡುವೆ ತೂಗಾಡುತ್ತ, ಬಿರುಕು ಬಿಟ್ಟ ತಾರಸಿಯ ಕೆಳಗೆ ಬಾಡಿಗೆ ವಸೂಲಿ ಮಾಡುತ್ತ ಕೂರುವುದಕ್ಕೆ ಮಾತ್ರ.

ಆದ್ದರಿಂದ ತೀರ್ಮಾನಕ್ಕೆ ಒಂದು ಗಡುವು ಇರಲಿ, ಅದಕ್ಕೂ ಮೊದಲು ಒಂದು ಕೆಲಸ ಮುಗಿಯಲಿ. ಮಳೆಗಾಲ ಬರುವುದರೊಳಗೆ ದೋಣಿ ಬಿಡಿಸಿ, ಟ್ಯಾಂಕ್ ಇಳಿಸಿ, ಸಸಿಗಳನ್ನು ಬೇರುಸಹಿತ ತೆಗೆಸಿ, ಓಲಿದ ಕಡೆ ಆಸರೆ ಕೊಡಿಸಿ. ಇದರ ಖರ್ಚು ಒಂದೆರಡು ತಿಂಗಳ ಬಾಡಿಗೆಯಲ್ಲಿ ಮುಗಿಯಬಹುದು. ನಾಳೆ ಕೆಡವಿದರೂ ಆ ಹಣ ದಂಡವಲ್ಲ. ಆಯ್ಕೆ ನಮ್ಮ ಕೈಯಲ್ಲೇ ಉಳಿಯುವುದಕ್ಕೆ, ಕೆಳಗೆ ಕೂತವರ ಜೀವ ಉಳಿಯುವುದಕ್ಕೆ ತೆತ್ತ ಬೆಲೆ ಅದು.