ಹಾಡಿನ ನಡುವೆ ಚಟಚಟ ಸದ್ದೇಕೆ?

ನಮ್ಮವರಲ್ಲಿ ಹಾಡನ್ನು ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ಹವ್ಯಾಸ ಈಚೆಗೆ ಸಾಕಷ್ಟು ಬೆಳೆದಿದೆ. ಭಜನಾ ಮಂಡಳಿಯವರು ದೇವರನಾಮಗಳನ್ನು ಮುದ್ರಿಸಿ ಊರಿನ ಬಂಧುಗಳಿಗೆ ಕಳುಹಿಸುತ್ತಾರೆ. ನಾಲ್ಕು ದಿನಕ್ಕೆಂದು ಊರಿನಿಂದ ಬಂದ ಅಜ್ಜಿಯಿಂದ ಬೀಸುವ ಪದ, ಸೋಬಾನೆ ಪದಗಳನ್ನು ಹಾಡಿಸಿ ಹಿಡಿದಿಟ್ಟುಕೊಳ್ಳುವವರೂ ಉಂಟು. ಇದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಒಂದು ಕಂಪ್ಯೂಟರು, ಒಂದು ಮೈಕು, ಹಣ ಕೊಡದೆ ಸಿಗುವ ಅಡಾಸಿಟಿಯಂಥ ಒಂದು ಸಾಫ್ಟ್‌ವೇರು ಇದ್ದರೆ ಸಾಕು. ಆದರೆ ಹಾಡು ಮುಗಿದ ಮೇಲೆ ಕೇಳಿ ನೋಡಿದರೆ ನಡುನಡುವೆ ‘ಚಟ್’, ‘ಟಕ್’ ಎಂಬ ಸದ್ದು. ಕೆಲವೆಡೆ ಅಕ್ಷರವನ್ನೇ ನುಂಗಿದಂತಿರುತ್ತದೆ. ಅಜ್ಜಿಗೆ ನಾಳೆ ರೈಲು. ಇನ್ನೊಮ್ಮೆ ಹಾಡಿಸುವುದು ಯಾವಾಗ? ವಿಚಾರಿಸಿದರೆ ಮೈಕು ಬದಲಾಯಿಸಿ ಎಂದು ಒಬ್ಬರು, ಕಂಪ್ಯೂಟರೇ ಹಳೆಯದಾಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಸಂಬಳದ ಹಣವನ್ನು ಹೀಗೆ ಊಹೆಯ ಮೇಲೆ ಖರ್ಚು ಮಾಡುವುದು ಬೇಡ. ಬಹುಪಾಲು ಸಂದರ್ಭಗಳಲ್ಲಿ ಈ ಸದ್ದಿಗೆ ಮೈಕೂ ಕಾರಣವಲ್ಲ, ಕಂಪ್ಯೂಟರಿನ ವಯಸ್ಸೂ ಕಾರಣವಲ್ಲ.

ಕಂಪ್ಯೂಟರು ಧ್ವನಿಯನ್ನು ಹಿಡಿಯುವ ಬಗೆ ತಿಳಿದರೆ ಇದು ಸ್ಪಷ್ಟವಾಗುತ್ತದೆ. ಮೈಕಿನಿಂದ ಬರುವ ಧ್ವನಿಯ ಏರಿಳಿತವನ್ನು ಸೆಕೆಂಡಿಗೆ ೪೪,೧೦೦ ಸಲವೋ ೪೮,೦೦೦ ಸಲವೋ ಅಳೆದು ಅಂಕಿಗಳನ್ನಾಗಿ ಬರೆದುಕೊಳ್ಳಲಾಗುತ್ತದೆ. ಮೊದಲನೆಯದು ಸಿ.ಡಿ.ಯವರ ಲೆಕ್ಕ, ಎರಡನೆಯದು ವೀಡಿಯೋದವರ ಲೆಕ್ಕ. ಈ ಅಂಕಿಗಳು ಒಂದೊಂದಾಗಿ ಸಾಗುವುದಿಲ್ಲ. ಒಂದು ಸಣ್ಣ ತೊಟ್ಟಿಯಲ್ಲಿ ಶೇಖರವಾಗಿ, ತುಂಬಿದ ಕೂಡಲೆ ಒಟ್ಟಾಗಿ ಮುಂದಕ್ಕೆ ಹೋಗುತ್ತವೆ. ಈ ತೊಟ್ಟಿಗೆ ಬಫರ್ ಎಂದು ಹೆಸರು. ಚಾಳಿನ ನಲ್ಲಿಯಲ್ಲಿ ಬೆಳಗಿನ ಜಾವ ನೀರು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿ ನಮಗಾಗಿ ನಿಲ್ಲುವುದಿಲ್ಲ. ಒಂದು ಬಿಂದಿಗೆ ತುಂಬುವಷ್ಟರಲ್ಲಿ ಇನ್ನೊಂದನ್ನು ಒಡ್ಡಬೇಕು. ಬಿಂದಿಗೆಯ ಬದಲು ಚೊಂಬು ಹಿಡಿದರೆ ಕ್ಷಣಕ್ಕೊಮ್ಮೆ ಬದಲಾಯಿಸಬೇಕು. ಆ ಹೊತ್ತಿಗೆ ಒಳಗಿನಿಂದ ಯಾರಾದರೂ ಕರೆದರೆ ನೀರು ಚೆಲ್ಲಿತೆಂದೇ ಲೆಕ್ಕ. ಧ್ವನಿಮುದ್ರಣದಲ್ಲಿ ಹೀಗೆ ಚೆಲ್ಲಿಹೋದ ಜಾಗವೇ ಆ ‘ಚಟ್’. ಹಾಡಿನ ಒಂದು ಚೂರು ಅಲ್ಲಿ ದಾಖಲಾಗಲೇ ಇಲ್ಲ. ಹಿಂದುಮುಂದಿನ ತುಣುಕುಗಳು ಒರಟಾಗಿ ಕೂಡಿಕೊಂಡ ಕಡೆ ಸದ್ದು ಹುಟ್ಟಿತು. ಮೃದಂಗದ ನುಡಿತದಲ್ಲಿ ಅದು ಮರೆಯಾದೀತು, ತಂಬೂರಿಯ ನಾದದಲ್ಲಿ ಮಾತ್ರ ಅಡಗಲಾರದು.

ಆದುದರಿಂದ ಇದು ಕಂಪ್ಯೂಟರಿನ ಶಕ್ತಿಯ ಪ್ರಶ್ನೆಯಲ್ಲ, ಸಮಯಪಾಲನೆಯ ಪ್ರಶ್ನೆ. ಸಿ.ಡಿ. ಮಟ್ಟದ ಸ್ಟೀರಿಯೋ ಧ್ವನಿಗೆ ನಿಮಿಷಕ್ಕೆ ಸುಮಾರು ೧೦ ಮೆಗಾಬೈಟು ಜಾಗ ಬೇಕು. ಹಳೆಯ ಹಾರ್ಡ್ ಡಿಸ್ಕು ಕೂಡ ಅಷ್ಟನ್ನು ಒಂದೇ ಸೆಕೆಂಡಿನಲ್ಲಿ ಬರೆದು ಮುಗಿಸಬಲ್ಲದು. ಕೆಲಸದಲ್ಲಿ ಎಷ್ಟೇ ಚುರುಕಾದ ಗುಮಾಸ್ತನಾದರೂ ಟಪಾಲು ಹೊರಡುವ ಗಳಿಗೆಯಲ್ಲಿ ಮೇಜಿನ ಬಳಿ ಇಲ್ಲದಿದ್ದರೆ ಕಾಗದ ಉಳಿದುಹೋಗುತ್ತದಷ್ಟೆ. ಕಂಪ್ಯೂಟರನ್ನು ಹೀಗೆ ಮೇಜಿನಿಂದ ಎಬ್ಬಿಸುವವರು ಹಲವರು: ವೈಫೈ, ಬ್ಲೂಟೂತ್, ವೈರಸ್ ತಪಾಸಣೆ, ತಾನಾಗಿಯೇ ಶುರುವಾಗುವ ಅಪ್‌ಡೇಟು, ವಿದ್ಯುತ್ತು ಉಳಿಸಲೆಂದು ಯಂತ್ರದ ವೇಗವನ್ನು ತಗ್ಗಿಸುವ ಏರ್ಪಾಡು.

ಉಪಾಯಕ್ಕೆ ಕೈಹಾಕುವ ಮೊದಲು ದೋಷ ಎಲ್ಲಿದೆಯೆಂದು ನೋಡಬೇಕು. ಮುದ್ರಿಸಿದ ಹಾಡಿನಲ್ಲಿ ಸದ್ದು ಬಂದ ಜಾಗವನ್ನು ಗುರುತು ಹಾಕಿಕೊಂಡು ಎರಡು ಮೂರು ಸಲ ಕೇಳಿರಿ. ಪ್ರತಿ ಸಲವೂ ಅದೇ ಅಕ್ಷರದ ಮೇಲೆ ಬಂದರೆ ಅದು ಮುದ್ರಣದಲ್ಲಿಯೇ ಸೇರಿಹೋಗಿದೆ. ಒಮ್ಮೆ ಪಲ್ಲವಿಯಲ್ಲಿ, ಇನ್ನೊಮ್ಮೆ ಚರಣದಲ್ಲಿ ಎಂದು ಜಾಗ ಬದಲಾಯಿಸುತ್ತಿದ್ದರೆ ಮುದ್ರಣ ಶುದ್ಧವಾಗಿದೆ, ಕೇಳಿಸುವ ಕೆಲಸದಲ್ಲಿ ಮಾತ್ರ ತೊಡಕು. ಅದನ್ನೇ ಫೋನಿಗೆ ಹಾಕಿಕೊಂಡು ಕೇಳಿದರೆ ಸಂಶಯ ನಿವಾರಣೆಯಾಗುತ್ತದೆ. ಈ ಎರಡು ನಿಮಿಷದ ಪರೀಕ್ಷೆಯನ್ನು ಮಾಡದೆ ಒಳ್ಳೆಯ ಮುದ್ರಣವನ್ನು ಅಳಿಸಿಹಾಕುವವರಿದ್ದಾರೆ.

ದೋಷ ಮುದ್ರಣದಲ್ಲಿಯೇ ಇದ್ದರೆ ಮೊದಲ ಮದ್ದು ತೊಟ್ಟಿಯನ್ನು ದೊಡ್ಡದು ಮಾಡುವುದು. ಅದರ ಅಳತೆ ಸಾಮಾನ್ಯವಾಗಿ ೬೪, ೧೨೮, ೨೫೬, ೫೧೨, ೧೦೨೪ ಎಂದು ಇರುತ್ತದೆ. ಅಡಾಸಿಟಿಯಲ್ಲಿ ಮಾತ್ರ ಮಿಲಿಸೆಕೆಂಡಿನಲ್ಲಿ ಕೊಟ್ಟಿದ್ದಾರೆ. ಹಾಗಾದರೆ ಎಲ್ಲರೂ ದೊಡ್ಡದನ್ನೇ ಇಟ್ಟುಕೊಳ್ಳಬಾರದೇಕೆ? ತೊಟ್ಟಿ ತುಂಬುವವರೆಗೆ ಧ್ವನಿ ಕಾಯಬೇಕು. ೪೪,೧೦೦ರ ಲೆಕ್ಕದಲ್ಲಿ ೧೨೮ರ ತೊಟ್ಟಿ ತುಂಬಲು ಸುಮಾರು ೩ ಮಿಲಿಸೆಕೆಂಡು, ೫೧೨ಕ್ಕೆ ಸುಮಾರು ೧೨, ೧೦೨೪ಕ್ಕೆ ೨೩. ಒಳಗೆ ಹೋಗಿ ಹೊರಗೆ ಬರುವಾಗ ಇದು ಕನಿಷ್ಠ ಎರಡು ಪಟ್ಟಾಗುತ್ತದೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವುದರಿಂದ, ೫೧೨ನ್ನು ಇಟ್ಟುಕೊಂಡು ಕಿವಿಗೆ ಹೆಡ್‌ಫೋನು ಹಾಕಿ ಹಾಡುವವನಿಗೆ ತನ್ನ ಧ್ವನಿ ಎಂಟು ಮೀಟರು ಆಚೆಯಿಂದ ಬಂದಂತೆ ಕೇಳುತ್ತದೆ. ತಾಳ ತಪ್ಪುತ್ತದೆ. ಈ ತೊಂದರೆಗೆಂದೇ ಕೆಲವರು ತೊಟ್ಟಿಯನ್ನು ೬೪ಕ್ಕೆ ಇಳಿಸುತ್ತಾರೆ, ಆಗ ಚಟಚಟ ಶುರುವಾಗುತ್ತದೆ.

ಇದಕ್ಕೆ ದಾರಿ ಇಲ್ಲದಿಲ್ಲ. ಅಜ್ಜಿಯ ಹಾಡಿಗೆ ಹೆಡ್‌ಫೋನಿನ ಅಗತ್ಯವೇ ಇಲ್ಲ. ೧೦೨೪ನ್ನು ಇಟ್ಟು ನಿಶ್ಚಿಂತೆಯಾಗಿರಬಹುದು. ಹಾರ್ಮೋನಿಯಮ್ಮನ್ನು ಮೊದಲೇ ಮುದ್ರಿಸಿ ಅದರ ಮೇಲೆ ಹಾಡುವವರು, ಮೈಕಿನ ಧ್ವನಿಯನ್ನು ಕಂಪ್ಯೂಟರಿನೊಳಕ್ಕೆ ಹೋಗದಂತೆ ನೇರವಾಗಿ ಕಿವಿಗೆ ಕೊಡುವ ‘ಡೈರೆಕ್ಟ್ ಮಾನಿಟರ್’ ಗುಂಡಿ ತಮ್ಮ ಆಡಿಯೋ ಇಂಟರ್‌ಫೇಸಿನಲ್ಲಿದೆಯೇ ಎಂದು ನೋಡಬೇಕು. ಅನೇಕ ಅಗ್ಗದ ಇಂಟರ್‌ಫೇಸುಗಳಲ್ಲಿಯೂ ಇದು ಇರುತ್ತದೆ. ವಿಂಡೋಸ್‌ನಲ್ಲಿ ಇಂಟರ್‌ಫೇಸು ತಯಾರಿಸಿದವರೇ ಕೊಡುವ ಆಸಿಯೋ ಡ್ರೈವರು ಇದ್ದರೆ ಅದನ್ನೇ ಹಾಕಿಕೊಳ್ಳುವುದು ಮೇಲು.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಕಂಪ್ಯೂಟರನ್ನು ಕರೆಯುವವರನ್ನು ಸುಮ್ಮನಿರಿಸಬೇಕು. ವೈಫೈ, ಬ್ಲೂಟೂತ್ ಆರಿಸಿರಿ, ಬ್ರೌಸರನ್ನು ಮುಚ್ಚಿರಿ, ಪವರ್ ಏರ್ಪಾಡನ್ನು ‘ಹೈ ಪರ್ಫಾರ್ಮೆನ್ಸ್’ಗೆ ಹಾಕಿರಿ. ಮೈಕಿನ ಯು.ಎಸ್.ಬಿ. ತಂತಿಯನ್ನು ಹಬ್ಬಿನ ಮೂಲಕ ಸಿಕ್ಕಿಸದೆ ಕಂಪ್ಯೂಟರಿಗೇ ಸಿಕ್ಕಿಸಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಐದನ್ನೂ ಒಟ್ಟಿಗೆ ಮಾಡಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಯಾವ ಡ್ರೈವರು ತಡಮಾಡುತ್ತಿದೆಯೆಂದು ತೋರಿಸುವ ಲೇಟೆನ್ಸಿಮಾನ್ ಎಂಬ ಸಾಧನವೂ ವಿಂಡೋಸ್‌ಗೆ ಸಿಗುತ್ತದೆ.

ಸದ್ದು ಗಡಿಯಾರದಂತೆ ಸಮ ಅಂತರದಲ್ಲಿ ಬರುತ್ತಿದ್ದರೆ ಕಾರಣ ಬೇರೆ. ಯು.ಎಸ್.ಬಿ. ಮೈಕಿಗೆ ತನ್ನದೇ ಗಡಿಯಾರವಿದೆ, ಕಂಪ್ಯೂಟರಿನ ಹೆಡ್‌ಫೋನು ತೂತಿಗೆ ಇನ್ನೊಂದು. ಎರಡರ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ ಎರಡು ಮೂರು ಅಂಕಿ ಹೆಚ್ಚುಕಡಿಮೆಯಾಗುತ್ತ ಹೋಗಿ, ಆಗಾಗ ಒಂದು ‘ಟಕ್’ ಹುಟ್ಟುತ್ತದೆ. ಮೈಕಿನಲ್ಲಿಯೇ ಹೆಡ್‌ಫೋನು ತೂತಿದ್ದರೆ ಅದನ್ನೇ ಉಪಯೋಗಿಸಿದಲ್ಲಿ ಗಡಿಯಾರ ಒಂದೇ ಆಗುತ್ತದೆ. ಹಾಗೆಯೇ ಎಲ್ಲ ಕಡೆಯೂ ೪೪,೧೦೦ ಇಲ್ಲವೆ ೪೮,೦೦೦ ಒಂದೇ ಇರಲಿ. ೪೪,೧೦೦ರಲ್ಲಿ ಮುದ್ರಿಸಿದ್ದನ್ನು ೪೮,೦೦೦ ಎಂದು ತಿಳಿದು ನುಡಿಸಿದರೆ ಹಾಡು ಓಡುತ್ತದೆ, ಶ್ರುತಿ ಒಂದು ಸ್ವರಸ್ಥಾನಕ್ಕಿಂತ ಹೆಚ್ಚು ಏರುತ್ತದೆ.

ಇನ್ನುಳಿದ ಸದ್ದುಗಳು ಈ ಜಾತಿಯವಲ್ಲ. ಎತ್ತರದ ಸ್ವರದಲ್ಲಿ ಮಾತ್ರ ಒಡೆದಂತೆ ಕೇಳಿದರೆ ಮೈಕಿನ ಮಟ್ಟ ಹೆಚ್ಚಾಗಿದೆ. ಗಟ್ಟಿಯಾಗಿ ಹಾಡಿದಾಗಲೂ ಮುಳ್ಳು ಮೈನಸ್ ೧೨ ಡೆಸಿಬೆಲ್ಲಿನ ಸುತ್ತ ಇರುವಂತೆ ತಗ್ಗಿಸಿರಿ. ಒಂದೇ ಸಮನೆ ‘ಗುಂಯ್’ ಎಂದರೆ ಅದು ಹೆಚ್ಚಾಗಿ ನಮ್ಮ ದೇಶದ ೫೦ ಹರ್ಟ್ಸಿನ ವಿದ್ಯುತ್ತಿನದು. ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದು ಬ್ಯಾಟರಿಯಲ್ಲಿ ಮುದ್ರಿಸಿ ನೋಡಿರಿ. ಈ ಗುಂಯ್ ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ನನ್ನು ಕಿತ್ತುಹಾಕುವ ಸಲಹೆ ಕೆಲವರ ಬಾಯಲ್ಲಿದೆ. ಅದು ಪ್ರಾಣಾಪಾಯದ ಕೆಲಸ, ಎಂದಿಗೂ ಮಾಡಕೂಡದು.

ಆಗಲೇ ಕೆಟ್ಟ ಮುದ್ರಣವನ್ನು ಸ್ವಲ್ಪಮಟ್ಟಿಗೆ ಸರಿಪಡಿಸಬಹುದು. ಅಡಾಸಿಟಿಯ ‘ರಿಪೇರ್’ ೧೨೮ ಅಂಕಿಗಳವರೆಗಿನ ಚಟ್ ಸದ್ದನ್ನು ಅಕ್ಕಪಕ್ಕದ ಧ್ವನಿಯಿಂದ ಹೊಲಿದು ಮುಚ್ಚುತ್ತದೆ. ಅಕ್ಷರವೇ ಹೋದಲ್ಲಿ ಅದರಿಂದ ಏನೂ ಆಗದು. ಸರಿಪಡಿಸುವಾಗ ಮೂಲಪ್ರತಿಯನ್ನು ಹಾಗೆಯೇ ಇಟ್ಟು ನಕಲಿನ ಮೇಲೆ ಕೆಲಸ ಮಾಡಿರಿ. ಇನ್ನೊಮ್ಮೆ ಹಾಡಿಸಲು ಸಾಧ್ಯವಿಲ್ಲದಂಥ ಹಾಡಾದರೆ ಮುದ್ರಿಸುವಾಗಲೇ ಕೈಫೋನನ್ನು ವಿಮಾನದ ಗುರುತಿಗೆ ಹಾಕಿ, ಅದರ ರೆಕಾರ್ಡರನ್ನೂ ಚಾಲೂ ಮಾಡಿ ಹಾಡುವವರ ಮುಂದೆ ಇಟ್ಟುಬಿಡಿ. ಕಂಪ್ಯೂಟರಿನಲ್ಲಿ ಒಂದು ಸಾಲು ಹೋದರೂ ಅದರಲ್ಲಿ ಸಿಕ್ಕೀತು.