ಲಗಾಮು ಎಳೆದರೆ ಕುದುರೆ ನಿಂತಿತೇ?

‘ಹಣದುಬ್ಬರಕ್ಕೆ ಕಡಿವಾಣ’ ಎಂಬ ಶೀರ್ಷಿಕೆ ಓದಿ, ಚೀಲ ಹಿಡಿದು ಅಂಗಡಿಗೆ ಹೋದವರಿಗೆ ನಿರಾಶೆ ಕಾದಿರುತ್ತದೆ. ಬೇಳೆಯ ಬೆಲೆ ಇಳಿದಿರುವುದಿಲ್ಲ. ಹಾಗಾದರೆ ಸುದ್ದಿ ಸುಳ್ಳೇ? ಸುಳ್ಳಲ್ಲ. ಗೊಂದಲವಿರುವುದು ಮಾತಿನ ಅರ್ಥದಲ್ಲಿ. ಇಂಗ್ಲಿಷ್ ಪತ್ರಿಕೆಗಳು ಇದೇ ಸಂದರ್ಭದಲ್ಲಿ ಬಳಸುವ ಪದಜೋಡಿ ‘ರೇನ್ ಇನ್’. ಅದರ ಮೂಲ ನೋಡಿದರೆ ವಿಷಯ ತಿಳಿಯಾಗುತ್ತದೆ.

‘ರೇನ್’ ಎಂದರೆ ಕುದುರೆಯ ಲಗಾಮಿನ ಪಟ್ಟಿ. ‘ಹಿಂದಕ್ಕೆ ಹಿಡಿ’ ಎಂಬರ್ಥದ ಲ್ಯಾಟಿನ್ ಪದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಹೀಗಾಯಿತು. ಉಳಿಸಿಕೊಳ್ಳುವುದು ಎಂಬರ್ಥದ ‘ರಿಟೇನ್’ ಕೂಡ ಇದೇ ಬೇರಿನದು. ಸವಾರ ಪಟ್ಟಿಯನ್ನು ತನ್ನತ್ತ ಎಳೆದಾಗ ಕುದುರೆಯ ಬಾಯಲ್ಲಿರುವ ಕಬ್ಬಿಣದ ಕಡಿವಾಣ ಒತ್ತುತ್ತದೆ, ಓಟ ತಗ್ಗುತ್ತದೆ. ಕುದುರೆಯನ್ನು ಪೂರ್ತಿ ನಿಲ್ಲಿಸುವುದಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಬೇರೆ ವಿಷಯಗಳಿಗೆ ಬಳಸುವಾಗ ಸಾಮಾನ್ಯವಾಗಿ ಉದ್ದೇಶ ನಿಲ್ಲಿಸುವುದಲ್ಲ, ಮಿತಿಯಲ್ಲಿಡುವುದು.

ಸರ್ಕಾರ ಖರ್ಚನ್ನು ‘ರೇನ್ ಇನ್’ ಮಾಡಿದರೆ ಖರ್ಚು ನಿಂತಿತೆಂದಲ್ಲ, ಬಿಗಿಯಾಯಿತೆಂದು ಅರ್ಥ. ಪಕ್ಷದ ವರಿಷ್ಠರು ನಾಲಿಗೆ ಹರಿಬಿಡುವ ಮುಖಂಡನನ್ನು ‘ರೇನ್ ಇನ್’ ಮಾಡಬಹುದು. ಮನುಷ್ಯ ತನ್ನ ಸಿಟ್ಟನ್ನೂ ಮಾಡಬಹುದು. ಎಲ್ಲ ಕಡೆಯೂ ಹಿಡಿಯುವವನ ಕೈ ಮೇಲಿರಬೇಕು. ಗುಮಾಸ್ತ ಮೇಲಧಿಕಾರಿಯನ್ನು ‘ರೇನ್ ಇನ್’ ಮಾಡಿದ ಎಂದರೆ ಕೇಳಿದವರು ನಗುವುದುಂಟು.

ಬಳಕೆಯಲ್ಲಿ ಎರಡು ಎಚ್ಚರಗಳು ಬೇಕು. ‘ಅದನ್ನು’ ಎನ್ನುವ ಸರ್ವನಾಮ ಬಂದರೆ ಅದು ನಡುವೆ ಕೂರಬೇಕು: ‘ರೇನ್ ಇಟ್ ಇನ್’ ಸರಿ, ‘ರೇನ್ ಇನ್ ಇಟ್’ ತಪ್ಪು. ಇನ್ನೊಂದು, ಆಳ್ವಿಕೆ ಎಂಬರ್ಥದ ‘ರೇನ್’ ಪದದ ಉಚ್ಚಾರಣೆ ಇದೇ ಆದರೂ ಕಾಗುಣಿತ, ಮೂಲ ಎರಡೂ ಬೇರೆ. ಪೂರ್ಣ ಸ್ವಾತಂತ್ರ್ಯ ಕೊಡುವುದನ್ನು ಹೇಳುವ ‘ಫ್ರೀ ರೇನ್’ನಲ್ಲಿರುವುದು ಸಡಿಲ ಬಿಟ್ಟ ಲಗಾಮೇ ಹೊರತು ರಾಜನ ಆಳ್ವಿಕೆಯಲ್ಲ. ಇಂಗ್ಲಿಷ್ ಮಾತೃಭಾಷೆಯವರೂ ಇಲ್ಲಿ ಎಡವುತ್ತಾರೆ.

ಕನ್ನಡಕ್ಕೆ ಈ ಕಲ್ಪನೆ ಹೊಸತೇನಲ್ಲ. ಕುದುರೆಗೆ ಕಡಿವಾಣ, ಎತ್ತಿಗೆ ಮೂಗುದಾರ, ಆನೆಗೆ ಅಂಕುಶ. ಮೂರೂ ಪ್ರಾಣಿಯನ್ನು ಕೊಲ್ಲುವ ಸಾಧನಗಳಲ್ಲ, ನಡೆಸುವ ಸಾಧನಗಳು. ಹಿಡಿತವಿಲ್ಲದವನನ್ನು ‘ಲಂಗುಲಗಾಮಿಲ್ಲದವನು’ ಎನ್ನುತ್ತೇವೆ. ‘ನಿರಂಕುಶ’ ಎಂದರೂ ಅಂಕುಶವಿಲ್ಲದ್ದು ಎಂದೇ.

ಈಗ ಬೇಳೆಯ ಲೆಕ್ಕಕ್ಕೆ ಬರೋಣ. 100 ರೂಪಾಯಿಯ ವಸ್ತು ಒಂದು ವರ್ಷ ಶೇಕಡಾ 10ರಷ್ಟು ಏರಿ 110 ಆಯಿತು ಎನ್ನಿ. ಮರುವರ್ಷ ಏರಿಕೆ ಶೇಕಡಾ 4ಕ್ಕೆ ತಗ್ಗಿದರೆ ಕಡಿವಾಣ ಬಿದ್ದಿತೆಂದು ಸುದ್ದಿಯಾಗುತ್ತದೆ. ಆದರೆ ಅಂಗಡಿಯಲ್ಲಿ ಬೆಲೆ 114 ರೂಪಾಯಿ 40 ಪೈಸೆ. ಸರ್ಕಾರ 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಗೊತ್ತುಪಡಿಸಿದ ಹಣದುಬ್ಬರದ ಗುರಿಯೂ ಸೊನ್ನೆಯಲ್ಲ, ಶೇಕಡಾ 4.

ಕುದುರೆಯ ವೇಗ ತಗ್ಗಿದೆ, ನಿಜ. ಆದರೆ ಅದು ಹಿಂದಕ್ಕೆ ತಿರುಗಿಲ್ಲ. ಶೀರ್ಷಿಕೆ ಓದುವಾಗ ಇಷ್ಟು ನೆನಪಿದ್ದರೆ ಅಂಗಡಿಯವನೊಡನೆ ಜಗಳವಾದರೂ ತಪ್ಪೀತು.