ರಿಮೋಟ್ ಕೈಯಲ್ಲುಂಟು, ಗೇಟು ಮಾತ್ರ ಬರುದಿಲ್ಲ!

ಕಳೆದ ಆಟಿ ತಿಂಗಳ ಒಂದು ರಾತ್ರಿ. ಕಡಬ ಕಡೆಯ ಒಂದು ಮನೆ. ಹೊರಗೆ ಕುಂಭದ್ರೋಣ ಮಳೆ. ಕರೆಂಟು ಹೋಗಿ ಎರಡು ತಾಸು. ಅಷ್ಟರಲ್ಲಿ ಮನೆಯ ಅಜ್ಜಿಗೆ ಎದೆನೋವು ಶುರುವಾಯಿತು.

ಮಗ ಓಡಿಹೋಗಿ ಕಾರು ಸ್ಟಾರ್ಟ್ ಮಾಡಿದರು. ರಿಮೋಟ್ ಒತ್ತಿದರು. ಗೇಟು ಮಿಸುಕಲಿಲ್ಲ. ಬ್ಯಾಟರಿ ಇತ್ತು, ಆದರೆ ಅದು ಸತ್ತು ವರ್ಷವಾದದ್ದು ಯಾರಿಗೂ ಗೊತ್ತಿರಲಿಲ್ಲ. "ಕೈಯಲ್ಲೇ ದೂಡಿ ಮಾರಾಯ್ರೆ" ಎಂದರು ನೆರೆಯವರು. ದೂಡಬೇಕಾದರೆ ಮೋಟರಿನ ಹಲ್ಲು ಬಿಡಿಸಬೇಕು. ಅದನ್ನು ಬಿಡಿಸಲು ಒಂದು ಸಣ್ಣ ಕೀ ಬೇಕು. ಕೀ ಎಲ್ಲುಂಟು? "ಫಿಟ್ ಮಾಡಿದವರು ಕೊಟ್ಟಿದ್ರು, ಎಲ್ಲಿಟ್ಟೆನೋ ನೆನಪಾಗುದಿಲ್ಲ..."

ಕಡೆಗೆ ಆದದ್ದಿಷ್ಟು. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಕೊಡೆ ಹಿಡಿದು, ನಾಲ್ಕು ಜನ ಹೊತ್ತುಕೊಂಡು ಪಕ್ಕದ ಸಣ್ಣ ಗೇಟಿನಿಂದ ರಸ್ತೆಗೆ ತಂದರು. ಅಲ್ಲಿ ಯಾರದೋ ಜೀಪು ಕಾದಿತ್ತು. ಹೊತ್ತ ನಾಲ್ವರಲ್ಲಿ ಈ ವರದಿಗಾರನೂ ಒಬ್ಬ. ಪುಣ್ಯಕ್ಕೆ ಅಜ್ಜಿ ಬದುಕಿಕೊಂಡರು. ಕೀ ಸಿಕ್ಕಿದ್ದು ಹತ್ತು ದಿನ ಕಳೆದ ಮೇಲೆ. ಕಪಾಟಿನೊಳಗೆ, ಜಾಗದ ಆರ್‌ಟಿಸಿ ಮತ್ತು ನಕ್ಷೆಯ ಜೊತೆಗೆ, ಬಹಳ ಭದ್ರವಾಗಿ!

"ನಮಗೆ ಗೇಟೇ ಇಲ್ಲ, ಬಸ್ಸಿಗೆ ಕಾಯುವವರಿಗೆ ಇದೆಲ್ಲ ಯಾಕೆ ಸ್ವಾಮಿ?" ಎಂದು ಕೇಳಬೇಡಿ. ಪುತ್ತೂರಿನಿಂದ ಸುಳ್ಯಕ್ಕೋ, ಕಡಬಕ್ಕೋ ಹೋಗುವ ಬಸ್ಸಿನ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿ. ಗುಡ್ಡೆ ಕಡಿದು ಕಟ್ಟಿದ ಹೊಸ ಮನೆಗಳು. ರಸ್ತೆಯಿಂದ ಅಂಗಳಕ್ಕೆ ಏರುವ ಕಾಂಕ್ರೀಟು ದಾರಿ. ಅದರ ಬಾಯಿಗೆ ಒಂದು ಭಾರೀ ಗೇಟು. ನಮ್ಮ ಹಿರಿಯರ ಕಾಲದಲ್ಲಿ ಅಲ್ಲಿ ತಡಮೆ ಇತ್ತು, ಉಣುಗೋಲು ಇತ್ತು. ಬಿದಿರು ಸರಿಸಿದರೆ ದಾರಿ, ಎಳೆದರೆ ಬೇಲಿ. ಮಳೆಗೆ ಕುಂಬಾದರೆ ಇನ್ನೊಂದು ಬಿದಿರು ಕಡಿದರಾಯಿತು. ಈಗ ಅದೇ ಜಾಗದಲ್ಲಿ ಎರಡು ಮೂರು ಕ್ವಿಂಟಾಲ್ ಕಬ್ಬಿಣ ನಿಂತಿದೆ. ಅಂದರೆ 50 ಕಿಲೋದ ನಾಲ್ಕರಿಂದ ಆರು ಅಕ್ಕಿ ಮೂಟೆಯ ಭಾರ! ಅದರ ಎದುರು ದಿನಾ ನಿಲ್ಲುವವರು ಯಾರು? ಅಂಚೆಯವರು, ಗ್ಯಾಸಿನವರು, ಅಂಗಡಿಯಿಂದ ಸಾಮಾನು ತಂದ ಹುಡುಗ, ಶಾಲೆಯಿಂದ ಬಂದ ಮಕ್ಕಳು. ಗೇಟು ಒಬ್ಬರದ್ದಾದರೂ ಅಪಾಯ ಎಲ್ಲರದ್ದು.

ಮಣ್ಣಿನ ಗುಣ ತಿಳಿಯದೆ

ಮಳೆಗಾಲ ಬಂತೆಂದರೆ ಸಾಕು, ಗೇಟು ಕೂತುಬಿಡುತ್ತದೆ. ಎಲ್ಲರೂ ಬೈಯುವುದು ಮೋಟರಿಗೆ. ಆದರೆ ರೋಗ ಬಹುಪಾಲು ಮೋಟರಿನಲ್ಲಿಲ್ಲ, ಕಂಬದ ಬುಡದಲ್ಲಿದೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲದ ಮೇಲ್ಪದರ ಮುರಕಲ್ಲು. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಫ್ರಾನ್ಸಿಸ್ ಬುಕನನ್. ಮಲಬಾರಿನ ಅಂಗಡಿಪುರಂ ಕಡೆ ಕಂಡದ್ದನ್ನು ಅವರು 1807ರಲ್ಲಿ ಬರೆದು ಅಚ್ಚುಹಾಕಿಸಿದರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂದು ಅದರ ಅರ್ಥ. ಮುರಕಲ್ಲು ಗಟ್ಟಿಯೇ, ತಕರಾರಿಲ್ಲ. ಆದರೆ ಬಹಳ ಕಡೆ ಅದರ ಅಡಿಯಲ್ಲಿ ಶೇಡಿ ಮಣ್ಣು ಇದೆ. ಬಿಳಿ, ಹಳದಿ, ಗುಲಾಬಿ ಬಣ್ಣದ್ದು, ಮುಟ್ಟಿದರೆ ಹಿಟ್ಟಿನ ಹಾಗೆ. ಬೇಸಿಗೆಯಲ್ಲಿ ಹಾರೆ ಹಾಕಿದರೂ ಸುಲಭಕ್ಕೆ ಒಪ್ಪದು. ನೀರು ಕುಡಿಯಿತೋ, ಬಲ ಬಿಟ್ಟು ಜಾರತೊಡಗುತ್ತದೆ.

ಇನ್ನು ಮನೆ ಕಟ್ಟುವ ರೀತಿ ನೋಡಿ. ಜೆಸಿಬಿ ಬಂದು ಗುಡ್ಡೆಯ ಒಳಬದಿಯನ್ನು ಕಡಿಯುತ್ತದೆ. ಕಡಿದ ಮಣ್ಣನ್ನು ಹೊರಬದಿಗೆ ದೂಡಿ ಸಮ ಮಾಡುತ್ತದೆ. ಮನೆ ಕೂರುವುದು ಕಡಿದ ಗಟ್ಟಿ ನೆಲದಲ್ಲಿ. ಗೇಟು ಮಾತ್ರ ಹೊರ ಅಂಚಿನಲ್ಲಿ, ತುಂಬಿಸಿದ ಮಣ್ಣಿನಲ್ಲಿ. ಕೆಲವು ಕಡೆ ಒಂದು ಕಂಬ ಗಟ್ಟಿ ನೆಲದಲ್ಲಿ, ಇನ್ನೊಂದು ತುಂಬಿಸಿದ್ದರಲ್ಲಿ. ಮೊದಲ ಮಳೆಗಾಲಕ್ಕೆ ತುಂಬಿಸಿದ ಮಣ್ಣು ಕುಳಿತುಕೊಳ್ಳುತ್ತದೆ. ಎರಡನೆಯದಕ್ಕೆ ಇನ್ನಷ್ಟು. ಒಂದು ಕಂಬ ನಿಂತಲ್ಲೇ, ಇನ್ನೊಂದು ಮೆಲ್ಲಗೆ ಹೊರಗೆ ವಾಲುತ್ತದೆ.

ಎಷ್ಟು ವಾಲಿದರೆ ತೊಂದರೆ? ಲೆಕ್ಕ ಕೇಳಿ. 6 ಅಡಿ ಎತ್ತರದ ಕಂಬ ಬರೇ 1 ಡಿಗ್ರಿ ವಾಲಿದರೆ ತುದಿ ಒಂದೂಕಾಲು ಇಂಚು ಆಚೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಆ ಕಂಬಕ್ಕೆ ತೂಗಿದ 6 ಅಡಿ ಅಗಲದ ಬಾಗಿಲಿನ ತುದಿಯೂ ಅಷ್ಟೇ ಕೆಳಗಿಳಿದು ನೆಲ ಕೆರೆಯುತ್ತದೆ.

ಬಯಲುಸೀಮೆಯ ಎರೆ ನೆಲದಲ್ಲಿ ಸಂಗತಿ ಬೇರೆ. ಅಲ್ಲಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಕಂಬವನ್ನೇ ಮೇಲೆತ್ತುತ್ತದೆ. ನಮ್ಮಲ್ಲಿ ಮಣ್ಣು ಕೂರುತ್ತದೆ, ಕೊಚ್ಚಿ ಹೋಗುತ್ತದೆ, ಜಾರುತ್ತದೆ. ಹಾಗಾಗಿ ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೋ ನೋಡಿ ಇಲ್ಲಿ ರಿಪೇರಿ ಮಾಡಲು ಹೊರಟರೆ ಕೆಲಸ ಆಗ್ಲಿಕ್ಕಿಲ್ಲ.

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸುಳ್ಯ–ಮಡಿಕೇರಿ ರಸ್ತೆಯೇ ಬಂದ್ ಆದದ್ದು ಯಾರಿಗೆ ಮರೆತಿದೆ? 2022ರ ಜೂನ್ ಕೊನೆಗೆ ಚೆಂಬು, ಸಂಪಾಜೆ, ಸುಳ್ಯ ಕಡೆ ಭೂಮಿ ನಡುಗಿದ್ದೂ ಉಂಟು. ಆದರೆ ನಮ್ಮ ಗೇಟು ವಾಲಲು ಅಂಥ ದೊಡ್ಡ ಕಾರಣ ಬೇಕಾಗಿಲ್ಲ. ಮನೆಯ ಮಾಡಿನ ನೀರು ನೇರ ಕಂಬದ ಬುಡಕ್ಕೆ ಬಿದ್ದರೆ ಸಾಕು.

ಮೋಟರಿಗೆ ಯಾಕೆ ಕೋಪ?

ಜಾರುವ ಗೇಟಿನ ಮೈಗೆ ಉದ್ದಕ್ಕೂ ಹಲ್ಲಿನ ಪಟ್ಟಿ ಇರುತ್ತದೆ. ಮೋಟರಿನ ಹಲ್ಲುಚಕ್ರ ಅದನ್ನು ಹಿಡಿದು ಓಡಿಸುತ್ತದೆ. ಎರಡರ ನಡುವೆ ಒಂದೆರಡು ಮಿಲಿಮೀಟರ್ ಸಂದು ಇರಬೇಕು. ಕೆಳಗಿನ ಹಳಿ ಒಂದು ಕಡೆ ಕುಸಿದರೆ ಪಟ್ಟಿ ಚಕ್ರದ ಮೇಲೆ ಕೂರುತ್ತದೆ, ಇಲ್ಲವಾದರೆ ಹಲ್ಲು ತಪ್ಪುತ್ತದೆ. ಎರಡು ಬಾಗಿಲಿನ ಗೇಟಾದರೆ ತೋಳಿನಂಥ ಮೋಟರು. ಕಂಬ ವಾಲಿದರೆ ತೋಳು ತಿರುಚಿಕೊಳ್ಳುತ್ತದೆ.

ಆಗ ಏನಾಗುತ್ತದೆ? ಗೇಟಿಗೆ ಎಲ್ಲೋ ತಡೆ ಸಿಕ್ಕಿತೆಂದು ಒಳಗಿನ ಬೋರ್ಡಿಗೆ ಗೊತ್ತಾಗುತ್ತದೆ. ಮಗುವೋ, ಕಾರೋ, ನಾಯಿಯೋ ಎಂದು ಅದು ವಿಚಾರಿಸುವುದಿಲ್ಲ. ನಿಲ್ಲಿಸುತ್ತದೆ, ಹಿಂದೆ ಓಡಿಸುತ್ತದೆ. ಯಜಮಾನರು ಹೇಳುವುದು, "ಮೋಟರ್ ಹಾಳಾಗಿದೆ." ಅಸಲಿಗೆ ಮೋಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ!

ಸ್ಕ್ರೂ ತಿರುಗಿಸುವವರೇ, ನಿಲ್ಲಿ!

ಇಲ್ಲೇ ದೊಡ್ಡ ತಪ್ಪು ನಡೆಯುವುದು. ಬೋರ್ಡಿನಲ್ಲಿ ಬಲ ಹೆಚ್ಚು ಕಡಿಮೆ ಮಾಡುವ ಒಂದು ಸಣ್ಣ ಸ್ಕ್ರೂವೋ ಗುಂಡಿಯೋ ಇರುತ್ತದೆ. ಅದನ್ನು ತಿರುಗಿಸಿ ಬಲ ಏರಿಸಿದರೆ ಗೇಟು ಕರಕರ ಎನ್ನುತ್ತಾ ಓಡುತ್ತದೆ. ಯಜಮಾನರಿಗೂ ಸಮಾಧಾನ, ರಿಪೇರಿಯವರಿಗೂ ದುಡ್ಡು. ಆದರೆ ನೆಲ ಕೆರೆಯುವ ಗೇಟನ್ನು ದೂಡುವ ಬಲವೇ ನಾಳೆ ನಡುವೆ ಸಿಕ್ಕಿದ ಮಗುವನ್ನೂ ದೂಡುತ್ತದೆ.

2024ರ ಜೂನ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ತಿರೂರು ಬಳಿಯ ವೈಲತ್ತೂರಿನಲ್ಲಿ 9 ವರ್ಷದ ಹುಡುಗ ನೆರೆಮನೆಯ ಆಟೋಮ್ಯಾಟಿಕ್ ಗೇಟಿನಲ್ಲಿ ಸಿಲುಕಿ ತೀರಿಕೊಂಡ. ಅದು ನಮ್ಮದೇ ಕರಾವಳಿಯ ಊರು, ನಮ್ಮಂಥದ್ದೇ ಮನೆಗಳು. ಯುರೋಪಿನ ನಿಯಮದಲ್ಲಿ ಗೇಟು ಮುಚ್ಚುವಾಗ ಅಂಚಿನಲ್ಲಿ ಸಿಕ್ಕಿದವರ ಮೇಲೆ ಬೀಳುವ ಬಲ 400 ನ್ಯೂಟನ್ ಮೀರಬಾರದು, ಅಂದರೆ ಸುಮಾರು 40 ಕಿಲೋ ಭಾರ. ಅದೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ನಮ್ಮ ಗೇಟುಗಳಲ್ಲಿ ಈ ಬಲವನ್ನು ಅಳೆದು ನೋಡಿದವರು ಯಾರು?

ಸಿಡಿಲು, ಇರುವೆ, ಪಾಚಿ

ಮಣ್ಣಿನ ಕತೆ ಮುಗಿಯಿತೆಂದರೆ ಹವೆಯ ಕತೆ. ಏಪ್ರಿಲ್–ಮೇಯ ಮುಂಗಾರುಪೂರ್ವ ಮಳೆಗೂ ಅಕ್ಟೋಬರ್–ನವೆಂಬರಿನ ಸಂಜೆ ಮಳೆಗೂ ಸಿಡಿಲು ಜೊತೆಗಾರ. ಹತ್ತಿರದಲ್ಲೆಲ್ಲೋ ಹೊಡೆದರೆ ತಂತಿಯಲ್ಲಿ ಬಂದು ಬೋರ್ಡು ಸುಡುತ್ತದೆ. ಟಿ.ವಿ.ಯ ಪ್ಲಗ್ ಕೀಳುವ ನಾವು ಗೇಟಿನದ್ದು ಕೀಳುವುದಿಲ್ಲ. ಗೇಟಿಗೆಂದೇ ಬೇರೆ ಎಂಸಿಬಿ ಹಾಕಿಸಿ ಗುಡುಗು ಕೇಳಿದೊಡನೆ ಆಫ್ ಮಾಡಬೇಕು. ಸರಿಯಾದ ಅರ್ಥಿಂಗ್ ಇರಬೇಕು, ಸಿಡಿಲಿನ ಹೊಡೆತ ತಡೆಯುವ ಸಾಧನವನ್ನೂ ಹಾಕಿಸಬೇಕು.

ಮೋಟರಿನ ಪೆಟ್ಟಿಗೆ ಬೆಚ್ಚಗಿರುತ್ತದೆ. ಹೊರಗೆ ಮಳೆ. ಇರುವೆಗೂ ಹಲ್ಲಿಗೂ ಅದಕ್ಕಿಂತ ಒಳ್ಳೆಯ ಬಾಡಿಗೆ ಮನೆ ಎಲ್ಲಿ ಸಿಗಬೇಕು? ವಯರು ಒಳಗೆ ಹೋಗುವ ತೂತನ್ನು ರಬ್ಬರಿನಿಂದ ಬಿಗಿ ಮಾಡಿದರೆ ಅರ್ಧ ತೊಂದರೆ ಮುಗಿಯಿತು. ಇನ್ನು ಗೇಟಿನ ಎರಡು ಬದಿಯಲ್ಲಿ ಎದುರುಬದುರು ಇರುವ ಬೆಳಕಿನ ಕಣ್ಣುಗಳು. ಅವಕ್ಕೆ ಪಾಚಿ ಕಟ್ಟಿದರೆ, ಜೇಡ ಬಲೆ ನೇಯ್ದರೆ, ಬಸ್ಸು ಹಾರಿಸಿದ ಕೆಸರು ಹಿಡಿದರೆ ಗೇಟು ಮುಚ್ಚುವುದಿಲ್ಲ. ಕಂಬ ವಾಲಿ ಒಂದು ಕಣ್ಣು ಇನ್ನೊಂದನ್ನು ಕಾಣದಿದ್ದರೂ ಅದೇ ಗತಿ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಕಿರಿಕಿರಿ ಎಂದು ಕಣ್ಣನ್ನೇ ಕಿತ್ತುಹಾಕುವವರಿದ್ದಾರೆ. ಅದು ಮಹಾಪಾಪ.

ಮದ್ದು ಏನು?

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಕೀ ಹಾಕಿ ಮೋಟರು ಬಿಡಿಸಿ, ಗೇಟನ್ನು ಕೈಯಲ್ಲಿ ದೂಡಿ. ಒಂದೇ ಕೈಯಲ್ಲಿ ಸಲೀಸಾಗಿ ಹೋದರೆ ರೋಗ ಕರೆಂಟಿನದ್ದು, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಎಲ್ಲೋ ಹಿಡಿದರೆ, ತನ್ನಷ್ಟಕ್ಕೆ ಒಂದು ಕಡೆಗೆ ಜಾರಿದರೆ, ರೋಗ ಕಂಬದ್ದೋ ಹಳಿಯದ್ದೋ. ತೂಕುಗುಂಡು ಇಳಿಬಿಟ್ಟು ಕಂಬ ನೋಡಿ, ರಸಮಟ್ಟ ಇಟ್ಟು ಹಳಿ ನೋಡಿ.

ಮಳೆಗಾಲದಲ್ಲಿ ಏನಿದ್ದರೂ ತಾತ್ಕಾಲಿಕ. ಹಳಿಯ ಮಣ್ಣು, ತರಗೆಲೆ ಗುಡಿಸುವುದು. ತಿರುಗಣೆ ಸರಿಹೊಂದಿಸಿ ಬಾಗಿಲು ಎತ್ತುವುದು. ಅದೂ ಆಗದಿದ್ದರೆ ಮಳೆ ಮುಗಿಯುವವರೆಗೆ ಮೋಟರು ಬಿಡಿಸಿ ಕೈಯಲ್ಲೇ ತೆಗೆಯುವುದು. ಅವಮಾನ ಏನಿಲ್ಲ. ನೆಂದ ನೆಲದಲ್ಲಿ ಕಾಂಕ್ರೀಟು ಹಾಕಿದರೆ ಅದು ವಾಲಿದ ಕಂಬಕ್ಕೆ ವಾಲಿದ ಚಪ್ಪಲಿ ತೊಡಿಸಿದ ಹಾಗೆ.

ನಿಜವಾದ ಕೆಲಸ ದೀಪಾವಳಿ ಕಳೆದ ಮೇಲೆ. ತುಂಬಿಸಿದ ಮಣ್ಣು ದಾಟಿ ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ಅಲ್ಲಿಂದ ಕಂಬ ಎಬ್ಬಿಸಬೇಕು. ಎರಡೂ ಕಂಬದ ಬುಡವನ್ನು ನೆಲದಡಿಯಲ್ಲಿ ಒಂದೇ ಬೀಮಿನಿಂದ ಬಿಗಿದರೆ ಒಂದು ಬಿಟ್ಟು ಇನ್ನೊಂದು ವಾಲುವುದು ತಪ್ಪುತ್ತದೆ. ಜಾರುವ ಗೇಟಾದರೆ ಹಳಿಯನ್ನೂ ಅದೇ ಬೀಮಿನ ಮೇಲೆ ಕೂರಿಸಬಹುದು. ಎಲ್ಲಕ್ಕಿಂತ ಮುಖ್ಯ ಕಣಿ. ಇಳಿಜಾರಿನ ನೀರು ಗೇಟಿಗೆ ಬರುವ ಮೊದಲೇ ಅಡ್ಡಕ್ಕೆ ಕಣಿ ತೆಗೆದು, ಮೇಲೆ ಕಬ್ಬಿಣದ ಜಾಲರಿ ಹಾಕಿ, ನೀರನ್ನು ತೋಡಿಗೆ ಬಿಡಬೇಕು. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ತೂತುಗಳಿರಬೇಕು. ಇದ್ದ ತೂತಿಗೆ ಸಿಮೆಂಟು ಮೆತ್ತಿ ಚಂದ ಮಾಡಬೇಡಿ! ಹೊಸತಾಗಿ ಕಟ್ಟುವವರು ತುಂಬಿಸಿದ ಮಣ್ಣನ್ನು ಒಂದೆರಡು ಮಳೆಗಾಲ ಕೂರಲು ಬಿಟ್ಟು ಆಮೇಲೆ ಗೇಟಿನ ಯೋಚನೆ ಮಾಡಿದರೆ ಒಳ್ಳೆಯದು.

ಜಾರುವ ಗೇಟಿನ ಎರಡೂ ಕೊನೆಗೆ ಗಟ್ಟಿಯಾದ ತಡೆ, ಮೇಲೆ ಹಿಡಿದುಕೊಳ್ಳುವ ರೋಲರು ಇದೆಯೇ ಎಂದು ಇವತ್ತೇ ನೋಡಿ. ಅದಿಲ್ಲದೆ ಹಳಿ ತಪ್ಪಿದರೆ ಐದಾರು ಅಕ್ಕಿ ಮೂಟೆ ಒಟ್ಟಿಗೇ ಮಗುಚುತ್ತದೆ.

ಅಂಗಡಿಯವರೇ, ಪಾಠ ನಿಮಗೂ ಉಂಟು. ಮಳೆಗಾಲದಲ್ಲಿ ಶಟರ್ ಅರ್ಧಕ್ಕೆ ಹಿಡಿದರೆ ಎಣ್ಣೆ ಬಿಡುವ ಮುಂಚೆ ಹೊಸ್ತಿಲು ಒಂದು ಕಡೆ ಕೂತಿದೆಯೋ ನೋಡಿ. ಕರೆಂಟಿನ ಶಟರಾದರೆ ಕೈಯಲ್ಲಿ ಎತ್ತುವ ಕ್ರಮ ಅಂಗಡಿಯ ಹುಡುಗನಿಗೂ ಗೊತ್ತಿರಲಿ.

ಮೂವರ ಜಗಳ

ಗೇಟು ಹಾಳಾದರೆ ವೆಲ್ಡಿಂಗಿನವರು ಮೇಸ್ತ್ರಿಯನ್ನು ತೋರಿಸುತ್ತಾರೆ. ಮೇಸ್ತ್ರಿ ಜೆಸಿಬಿಯವರನ್ನು. ಎಲೆಕ್ಟ್ರಿಷಿಯನ್ ಇವರೆಲ್ಲರನ್ನೂ. ಮೂವರೂ ಬೇರೆ ಬೇರೆ ದಿನ ಬಂದು ಬೇರೆ ಬೇರೆ ಬಿಲ್ಲು ಕೊಟ್ಟು ಹೋಗುತ್ತಾರೆ, ಗೇಟು ನಿಂತಲ್ಲೇ. ನಮ್ಮ ಅಜ್ಜಿಯ ಮನೆಯಲ್ಲಿ ಈ ಸಲ ಮಾಡಿದ ಉಪಾಯ ಇಷ್ಟೇ: ಮೂವರನ್ನೂ ಒಂದೇ ದಿನ ಕರೆಸಿ, ಚಹಾ ಕೊಟ್ಟು, ಗೇಟಿನ ಎದುರು ನಿಲ್ಲಿಸಿದರು. ಕೀ ಹಾಕಿ ಮೋಟರು ಬಿಡಿಸಿ ದೂಡಿ ತೋರಿಸಿದರು. ಅರ್ಧ ತಾಸಿನಲ್ಲಿ ಜಗಳ ಮುಗಿಯಿತು. ಮಾಡಿನ ನೀರಿನ ಪೈಪು ಎಡಗಂಬದ ಬುಡಕ್ಕೇ ಬೀಳುತ್ತಿತ್ತು! ಪೈಪು ತಿರುಗಿಸಿದರು, ಕಣಿ ತೆಗೆದರು, ಕಂಬ ಕಿತ್ತು ಗಟ್ಟಿ ನೆಲದಿಂದ ಮತ್ತೆ ಎಬ್ಬಿಸಿದರು. ಮೋಟರು ಹಳೆಯದೇ, ಬ್ಯಾಟರಿ ಮಾತ್ರ ಹೊಸತು.

ಕೀ ಈಗ ಕಪಾಟಿನಲ್ಲಿಲ್ಲ. ಬಾಗಿಲ ಪಕ್ಕ, ಕ್ಯಾಲೆಂಡರಿನ ಮೊಳೆಯಲ್ಲೇ ನೇತಾಡುತ್ತಿದೆ. ಮೊನ್ನೆ ಹೋದಾಗ ಅಜ್ಜಿ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಮೋಡ ಕಟ್ಟಿ ಕರೆಂಟು ಹೋಯಿತು. ಅಜ್ಜಿ ಮೊಮ್ಮಗನನ್ನು ಕರೆದು ಕೇಳಿದ್ದು ಒಂದೇ ಮಾತು: "ಕೀ ಅಲ್ಲೇ ಉಂಟಲ್ಲ ಮಗಾ?"

ನಿಮ್ಮ ಮನೆಯದ್ದು ಎಲ್ಲುಂಟು?